‘ಟೇಕ್ ಆಫ್’ ಅಂದರೆ ಚಪ್ಪಲಿಯೋ, ವಿಮಾನವೋ?

ಬಳಗಾನೂರಿನ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಯಾವ ಊರಿಗೆ ಹೋದರೂ ಮಾತು ಶುರುವಾಗುವುದು ನಾಲೆಗೆ ನೀರು ಯಾವಾಗ ಬಿಡುತ್ತಾರೆ ಎಂಬಲ್ಲಿಂದ. ಅಲ್ಲಿಂದ ಭತ್ತದ ಧಾರಣೆಗೆ ಬರುತ್ತದೆ, ಕೊನೆಗೆ ಮಕ್ಕಳ ಓದಿಗೆ ಬಂದು ನಿಲ್ಲುತ್ತದೆ. ಅಂದೂ ಹಾಗೆಯೇ ಆಯಿತು.

‘ನೋಡ್ರಿ ಸರ, ಹತ್ತನೆತ್ತದಾಗ ಶಾಲಿಗೆ ಎರಡನೇದವ ಬಂದಾನ. ಈಗ ಸೈನ್ಸ್ ಒಲ್ಲೆ, ಆರ್ಟ್ಸಿಗೆ ಹೋಗ್ತೀನಿ ಅಂತಾನ. ನೀವ ಒಂದೀಟು ಕೇಳ್ರಿ’ ಎಂದರು ಮನೆಯ ಯಜಮಾನರು.

ಹುಡುಗ ಬಾಗಿಲ ಹತ್ತಿರ ನಿಂತಿದ್ದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಪಿಯುಸಿ ಮೊದಲ ವರ್ಷ, ವಿಜ್ಞಾನ, ಎಲ್ಲವೂ ಇಂಗ್ಲಿಷ್. ಬಹಳ ಕೇಳಿದ ಮೇಲೆ ಒಳಗಿನಿಂದ ಒಂದು ಮಡಿಚಿದ ಪ್ರಶ್ನೆಪತ್ರಿಕೆ ತಂದು ಕೈಗಿಟ್ಟ. ರಸಾಯನಶಾಸ್ತ್ರದ ಕಿರುಪರೀಕ್ಷೆ. ಅದರಲ್ಲಿ ಒಂದು ಕಡೆ ‘ಅಕೌಂಟ್ ಫಾರ್ ದ ಫಾಲೋಯಿಂಗ್’ ಎಂದಿತ್ತು. ಕೆಳಗೆ ಮೂರು ಉಪಪ್ರಶ್ನೆಗಳು. ಮೊದಲನೆಯದು ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ ಎನ್ನುವುದು. ಮೂರನ್ನೂ ಹುಡುಗ ಮುಟ್ಟಿರಲಿಲ್ಲ.

‘ಯಾಕಪ್ಪ, ಇದು ಬರಲಿಲ್ವೇನು?’ ಎಂದೆ.

‘ಉತ್ತರ ಬರ್ತಿತ್ತು ಸರ. ಪ್ರಶ್ನೇನ ತಿಳೀಲಿಲ್ಲ. ಅಕೌಂಟ್ ಅಂದ್ರ ಬ್ಯಾಂಕಿನ ಅಕೌಂಟ್, ಇಲ್ಲಾ ಕಾಮರ್ಸಿನವರ ಅಕೌಂಟ್. ಮಂಜುಗಡ್ಡಿಗೂ ಅದಕ್ಕೂ ಏನು ಸಂಬಂಧ ಅಂತ ಬಿಟ್ಟುಬಿಟ್ಟೆ.’

ಅಕೌಂಟ್ ಫಾರ್ ಎಂದರೆ ಇಲ್ಲಿ ‘ಕಾರಣ ಕೊಡಿ’. ಹತ್ತನೆಯ ತರಗತಿಯಲ್ಲಿ ಕನ್ನಡದಲ್ಲಿ ಇಂಥ ‘ಕಾರಣ ಕೊಡಿ’ಗಳಿಗೆ ಆತ ಪೂರ್ತಿ ಅಂಕ ತೆಗೆದವನೇ. ನೀರು ಹೆಪ್ಪುಗಟ್ಟುವಾಗ ಜಲಜನಕದ ಬಂಧಗಳಿಂದಾಗಿ ಅಣುಗಳು ದೂರ ದೂರ ನಿಲ್ಲುತ್ತವೆ, ನಡುವೆ ಟೊಳ್ಳು ಉಳಿಯುತ್ತದೆ, ಆದ್ದರಿಂದ ಅಷ್ಟೇ ನೀರು ಹೆಚ್ಚು ಜಾಗ ಹಿಡಿದು ಹಗುರಾಗುತ್ತದೆ ಎನ್ನುವುದು ಅವನಿಗೆ ಬಾಯಿಪಾಠವಲ್ಲ, ಅರ್ಥವಾಗಿಯೇ ಗೊತ್ತಿತ್ತು. ಗೊತ್ತಿದ್ದ ವಿದ್ಯೆ ಎರಡು ಪುಟ್ಟ ಪದಗಳ ಹೊಸ್ತಿಲಲ್ಲಿ ಎಡವಿ ಬಿದ್ದಿತ್ತು. ಅಷ್ಟಕ್ಕೇ ಹುಡುಗ ‘ನನಗೆ ವಿಜ್ಞಾನ ಹತ್ತುವುದಿಲ್ಲ’ ಎಂಬ ತೀರ್ಮಾನಕ್ಕೆ ಬಂದುಬಿಟ್ಟಿದ್ದ.

ಇಂಥ ಹುಡುಗರು, ಹುಡುಗಿಯರು ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಎಷ್ಟು ಜನ ಇದ್ದಾರೋ! ಅವರಿಗೆ ಕಷ್ಟ ಕೊಡುವುದು ದೊಡ್ಡ ದೊಡ್ಡ ಇಂಗ್ಲಿಷ್ ಪದಗಳಲ್ಲ. ದೊಡ್ಡ ಪದ ಕಂಡರೆ ಹುಡುಗರು ನಿಘಂಟು ತೆರೆಯುತ್ತಾರೆ. ಕೈಕೊಡುವುದು ಗೊತ್ತಿದೆ ಎನ್ನಿಸುವ ಸಣ್ಣ ಮಾತುಗಳು. ಗೆಟ್, ಪುಟ್, ಟೇಕ್, ಸೆಟ್, ರನ್. ಇವುಗಳ ಹಿಂದೆ ಅಪ್, ಆಫ್, ಔಟ್, ಡೌನ್ ಎಂಬ ಬಾಲ ಹಚ್ಚಿದರೆ ಮುಗಿಯಿತು, ಒಂದೇ ಮಾತು ಐದಾರು ಕಡೆ ಮುಖ ಮಾಡಿ ನಿಲ್ಲುತ್ತದೆ.

ಹುಡುಗನಿಗೆ ಸಮಾಧಾನವಾಗಲಿ ಎಂದು ಒಂದು ಸಂಗತಿ ಹೇಳಿದೆ. ಇಂಗ್ಲಿಷಿನ ಮಹಾ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ನಿಘಂಟು ಪ್ರಕಟಿಸಿದಾಗ ಮುನ್ನುಡಿಯಲ್ಲಿಯೇ ಈ ಜಾತಿಯ ಕ್ರಿಯಾಪದಗಳ ಮಾತೆತ್ತಿದ್ದಾನೆ. ಹೊರದೇಶದವರಿಗೆ ನಮ್ಮ ಭಾಷೆಯಲ್ಲಿ ಅತಿ ಹೆಚ್ಚು ತೊಡಕು ತರುವುದು ಇವೇ ಎಂದು ಆತನೇ ಒಪ್ಪಿಕೊಂಡಿದ್ದಾನೆ. ಮನೆಯ ಯಜಮಾನನೇ ನಮ್ಮ ಮನೆಯ ಹೊಸ್ತಿಲು ಎತ್ತರ ಎಂದು ಹೇಳಿದ ಮೇಲೆ ಎಡವಿದವನು ನಾಚಬೇಕಾಗಿಲ್ಲ.

ಒಂದು ‘ಸೆಟ್’ಗೆ ನಾನೂರು ಮೂವತ್ತು

ಆಕ್ಸ್‌ಫರ್ಡ್ ಮಹಾನಿಘಂಟಿನ ಎರಡನೆಯ ಆವೃತ್ತಿ 1989ರಲ್ಲಿ ಬಂದಾಗ ಅದರಲ್ಲಿ ಅತಿ ಉದ್ದದ ಉಲ್ಲೇಖ ಇದ್ದದ್ದು ‘ಸೆಟ್’ ಎಂಬ ಮೂರಕ್ಷರದ ಪದಕ್ಕೆ. 430 ಅರ್ಥಛಾಯೆಗಳು! ಮುಂದೆ ಪರಿಷ್ಕರಣೆಯ ಕೆಲಸ ನಡೆದಾಗ ‘ರನ್’ ಎಂಬ ಕ್ರಿಯಾಪದ ಅದನ್ನೂ ಹಿಂದೆ ಹಾಕಿತು. ಅದಕ್ಕೆ 645 ಅರ್ಥಗಳನ್ನು ಸಂಪಾದಕರು ಗುರುತಿಸಿದರು.

ಸಂಖ್ಯೆ ಕೇಳಿ ಹೆದರಬೇಡಿ. ಸೆಟ್ ಎಂಬ ಪದ ಬಳಗಾನೂರಿಗೆ ಹೊಸದೇನಲ್ಲ. ಹೊಲದಲ್ಲಿ ಪಂಪ್‌ಸೆಟ್ ಇದೆ. ಹೋಟೆಲಿನಲ್ಲಿ ಸೆಟ್ ದೋಸೆ ಸಿಗುತ್ತದೆ. ಗೌಂಡಿ ‘ಸಿಮೆಂಟ್ ಇನ್ನೂ ಸೆಟ್ ಆಗಿಲ್ಲ, ತುಳೀಬ್ಯಾಡ್ರಿ’ ಎನ್ನುತ್ತಾನೆ. ಗಣಿತದ ಮೇಷ್ಟ್ರು ಸೆಟ್ ಥಿಯರಿ ಹೇಳುತ್ತಾರೆ. ಮದುವೆ ಮಾತುಕತೆ ಕುದುರಿದರೆ ‘ಸೆಟ್ ಆತು’ ಎನ್ನುತ್ತೇವೆ. ಇಷ್ಟೂ ಅರ್ಥಗಳನ್ನು ಇಂಗ್ಲಿಷ್ ಬಾರದವರೂ ತಪ್ಪಿಲ್ಲದೆ ಬಳಸುತ್ತಾರೆ. ಹೇಗೆ? ಪದವನ್ನು ಒಂಟಿಯಾಗಿ ಯಾರೂ ಅವರಿಗೆ ಕಲಿಸಲಿಲ್ಲ. ಪಂಪಿನ ಪಕ್ಕ, ದೋಸೆಯ ಪಕ್ಕ, ಸಿಮೆಂಟಿನ ಪಕ್ಕ ಇಟ್ಟು ಕಲಿಸಿದರು.

ಆಫ್ ಎನ್ನುವ ಬಾಲವನ್ನೇ ತೆಗೆದುಕೊಳ್ಳಿ. ಕಟ್ ಆಫ್ ಎಂಬ ಮಾತು ಈ ಸೀಮೆಯಲ್ಲಿ ಮೂರು ಕಡೆ ಕೇಳಿಸುತ್ತದೆ. ಬಿಲ್ಲು ಕಟ್ಟದಿದ್ದರೆ ಕರೆಂಟು ಕಟ್ ಆಫ್. ಸಿಇಟಿ ಸೀಟಿಗೆ ಇಷ್ಟು ರ‍್ಯಾಂಕು ಕಟ್ ಆಫ್. ಹಳ್ಳ ಬಂದು ರಸ್ತೆ ಮುಳುಗಿದರೆ ಊರಿಗೆ ಊರೇ ಕಟ್ ಆಫ್. ಮೂರರಲ್ಲೂ ತುಂಡಾಗುವ, ಬೇರೆಯಾಗುವ ಒಂದು ಎಳೆ ಇದೆ. ಆಫ್ ಎಂದರೆ ಮೂಲದಲ್ಲಿ ಒಂದರಿಂದ ಇನ್ನೊಂದು ದೂರ ಸರಿಯುವುದು. ಟೇಕ್ ಆಫ್ ಎಂದರೆ ಕಾಲಿನಿಂದ ಚಪ್ಪಲಿ ಬಿಡುವುದು, ನೆಲ ಬಿಟ್ಟು ವಿಮಾನ ಏಳುವುದು, ಕೆಲಸದಿಂದ ಒಂದು ದಿನ ಬಿಡುವು ಮಾಡಿಕೊಳ್ಳುವುದು, ಕುಂಟುತ್ತಿದ್ದ ವ್ಯಾಪಾರ ಒಮ್ಮೆಲೇ ಕುದುರುವುದು. ಒಬ್ಬರ ಮಾತಿನ ಧಾಟಿಯನ್ನು ಅಣಕಿಸುವುದಕ್ಕೂ ಇದೇ ಮಾತು. ಕೊನೆಯದಕ್ಕೆ ಮಾತ್ರ ಎಳೆ ಹುಡುಕುವುದು ಕಷ್ಟ, ಅದನ್ನು ಹಾಗೆಯೇ ನೆನಪಿಡಬೇಕು.

ಗೋ ಆಫ್ ಇನ್ನೂ ತುಂಟ. ಲೈಟು ಗೋ ಆಫ್ ಆದರೆ ಆರಿತು. ಅಲಾರಾಂ ಗೋ ಆಫ್ ಆದರೆ? ನಿಂತಿತು ಎಂದು ಬರೆದವರೇ ಹೆಚ್ಚು. ಆದರೆ ಅದು ಹೊಡೆದುಕೊಂಡಿತು ಎಂದರ್ಥ. ಬಂದೂಕು ಗೋ ಆಫ್ ಆದರೆ ಗುಂಡು ಹಾರಿತು. ಹಾಲು ಗೋ ಆಫ್ ಆದರೆ ಕೆಟ್ಟಿತು. ಸುಮ್ಮನಿದ್ದ ಸ್ಥಿತಿಯನ್ನು ಬಿಟ್ಟು ಹೋಗುವುದು ಎಂದು ಯೋಚಿಸಿದರೆ ಅಲಾರಾಮೂ ಬಂದೂಕೂ ಹಾಲೂ ಒಂದು ಸಾಲಿಗೆ ಬರುತ್ತವೆ. ಟರ್ನ್ ಡೌನ್ ಎಂದಾಗ ಮುಂದೆ ರೇಡಿಯೋ ಬಂದರೆ ದನಿ ತಗ್ಗಿಸುವುದು, ಅರ್ಜಿ ಬಂದರೆ ತಳ್ಳಿಹಾಕುವುದು. ಅಂದರೆ ಅರ್ಥ ಕ್ರಿಯಾಪದದ ಹೊಟ್ಟೆಯಲ್ಲಿಲ್ಲ, ಪಕ್ಕದಲ್ಲಿ ಕುಳಿತ ನಾಮಪದದಲ್ಲಿದೆ. ನಾಲೆಯ ಟೇಲ್ ಎಂಡ್ ರೈತರಿಗೆ ನೀರು ಕೊನೆಗೆ ಮುಟ್ಟುತ್ತದೆ ಎಂದು ಅವರನ್ನು ಮರೆಯುವ ಅಭ್ಯಾಸ ನಮ್ಮಲ್ಲಿದೆ. ವಾಕ್ಯದ ಟೇಲ್ ಎಂಡ್ ಪದಗಳನ್ನೂ ವಿದ್ಯಾರ್ಥಿಗಳು ಹಾಗೆಯೇ ಮರೆಯುತ್ತಾರೆ.

ಇನ್ನೊಂದು ಉದಾಹರಣೆ ಈ ಭಾಗದವರಿಗೆ ಮರೆಯಲಾಗದ್ದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಎಡದಂಡೆ ನಾಲೆಯ ಅಚ್ಚುಕಟ್ಟಿನ ಊರುಗಳಲ್ಲಿ ನಿದ್ದೆ ಬಂದಿದ್ದು ಹೊಸ ತಡೆ ಕೂಡಿಸಿದ ಮೇಲೆಯೇ. ಇಂಥ ಸರಪಳಿ ತುಂಡಾಗುವುದನ್ನು ಇಂಗ್ಲಿಷಿನಲ್ಲಿ ‘ಗಿವ್ ವೇ’ ಎನ್ನುತ್ತಾರೆ. ಹೆದ್ದಾರಿಯ ಕೂಡುರಸ್ತೆಯಲ್ಲಿ ತಲೆಕೆಳಗಾದ ತ್ರಿಕೋನದ ಫಲಕದ ಅರ್ಥವೂ ಗಿವ್ ವೇ, ಎದುರಿನ ವಾಹನಕ್ಕೆ ದಾರಿ ಬಿಡಿ ಎಂದು. ಒಂದು ಕಡೆ ಸೌಜನ್ಯ, ಇನ್ನೊಂದು ಕಡೆ ಸರ್ವನಾಶ. ಗೇಟು ನೀರಿಗೆ ದಾರಿ ಬಿಟ್ಟಿತು ಎಂದುಕೊಂಡರೆ ಎರಡೂ ಒಂದೇ ಬೇರಿನವು ಎಂದು ಗೊತ್ತಾಗುತ್ತದೆ.

ಮಂಜಿನಲ್ಲಿ ಒಂದು ಮಾತು

ಅಂಕ ಹೋದರೆ ಮುಂದಿನ ಪರೀಕ್ಷೆಯಲ್ಲಿ ತೆಗೆಯಬಹುದು. ಎರಡರ್ಥದ ಮಾತು ಜೀವ ತೆಗೆದದ್ದೂ ಉಂಟು.

1977ರ ಮಾರ್ಚ್ 27. ಸ್ಪೇನ್ ದೇಶಕ್ಕೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಟೆನೆರೀಫ್ ಎಂಬುದೊಂದು ದ್ವೀಪ. ಅಲ್ಲಿಯ ವಿಮಾನ ನಿಲ್ದಾಣದ ರನ್‌ವೇ ಮೇಲೆ ದಟ್ಟ ಮಂಜು. ಒಂದು ತುದಿಯಲ್ಲಿ ಡಚ್ಚರ ಕೆ.ಎಲ್.ಎಂ. ಸಂಸ್ಥೆಯ ಬೋಯಿಂಗ್ 747 ಹೊರಡಲು ಸಿದ್ಧವಾಗಿ ನಿಂತಿತ್ತು. ಅದೇ ರನ್‌ವೇ ಮೇಲೆ ಅಮೆರಿಕದ ಪ್ಯಾನ್ ಆ್ಯಮ್ ಸಂಸ್ಥೆಯ ಇನ್ನೊಂದು 747 ಇನ್ನೂ ಮೆಲ್ಲಗೆ ಸಾಗುತ್ತಿತ್ತು. ಮಂಜಿನಲ್ಲಿ ಒಂದಕ್ಕೊಂದು ಕಾಣುತ್ತಿರಲಿಲ್ಲ, ನಿಯಂತ್ರಣ ಗೋಪುರದವರಿಗೂ ಎರಡೂ ಕಾಣುತ್ತಿರಲಿಲ್ಲ. ನಂಬಿಕೆಯೆಲ್ಲ ರೇಡಿಯೋ ಮಾತಿನ ಮೇಲೆ.

ಡಚ್ ವಿಮಾನದ ಸಹಚಾಲಕ ರೇಡಿಯೋದಲ್ಲಿ ಹೇಳಿದ್ದು, ‘ವಿ ಆರ್ ನೌ ಅಟ್ ಟೇಕ್ ಆಫ್’ ಎಂಬ ಅರ್ಥದ ಮಾತು. ನಾವೀಗ ಹಾರಲು ಓಡುತ್ತಿದ್ದೇವೆ ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ಸ್ಪೇನಿನ ನಿಯಂತ್ರಕನ ಕಿವಿಗೆ ಅದು ಬಿದ್ದದ್ದು ನಾವೀಗ ಹಾರುವ ಜಾಗದಲ್ಲಿ ನಿಂತಿದ್ದೇವೆ ಎಂದು. ಆತ ‘ಓಕೆ’ ಎಂದ. ಮರುಕ್ಷಣ, ಕಾಯಿರಿ, ನಾನೇ ಕರೆಯುತ್ತೇನೆ ಎಂದೂ ಸೇರಿಸಿದ. ಅದೇ ಗಳಿಗೆಯಲ್ಲಿ ಅಮೆರಿಕದ ವಿಮಾನದವರು ತಾವಿನ್ನೂ ರನ್‌ವೇ ಮೇಲಿದ್ದೇವೆ ಎಂದು ಮಾತಾಡಿದರು. ಎರಡು ದನಿಗಳು ಒಂದರ ಮೇಲೊಂದು ಬಿದ್ದು ಡಚ್ ವಿಮಾನದಲ್ಲಿ ಕೀರಲು ಸದ್ದು ಕೇಳಿಸಿತಷ್ಟೆ. ಉಳಿದದ್ದು ಚರಿತ್ರೆ. 583 ಜನ ಸತ್ತರು. ವಿಮಾನಯಾನದಲ್ಲಿ ಅಷ್ಟು ದೊಡ್ಡ ಅಪಘಾತ ಅದಕ್ಕೆ ಮೊದಲು ಆಗಿರಲಿಲ್ಲ.

ಮಂಜು, ಅವಸರ, ರೇಡಿಯೋದ ದೋಷ ಎಲ್ಲವೂ ಕಾರಣವೇ. ಒಂದು ಮಾತೇ ಇಷ್ಟನ್ನೂ ಮಾಡಿತು ಎಂದರೆ ತಪ್ಪಾಗುತ್ತದೆ. ಆದರೆ ತನಿಖೆಯ ನಂತರ ಬಂದ ಬದಲಾವಣೆ ನೋಡಿ. ಈಗ ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿ ರದ್ದು ಮಾಡುವಾಗ ಮಾತ್ರ ಟೇಕ್ ಆಫ್ ಎಂಬ ಮಾತು ಆಡಬೇಕು. ಬೇರೆ ಎಲ್ಲ ಸಂದರ್ಭಕ್ಕೂ ‘ಡಿಪಾರ್ಚರ್’ ಎನ್ನಬೇಕು. ಒಂದು ಮಾತಿನ ಉಳಿದ ಅರ್ಥಗಳನ್ನೆಲ್ಲ ನಿಯಮ ಮಾಡಿ ಕಿತ್ತುಹಾಕಿದರು. ಅಂದಹಾಗೆ, ಆ ಮಾತು ಆಡಿದವನೂ ಕೇಳಿದವನೂ ಇಬ್ಬರೂ ಮನೆಯಲ್ಲಿ ಇಂಗ್ಲಿಷ್ ಆಡುವವರಲ್ಲ. ಬಾಯಲ್ಲಿ ಇಂಗ್ಲಿಷ್ ಇದ್ದರೂ ಅದರ ಜಾಡು ಡಚ್ ಭಾಷೆಯದಾಗಿರಬಹುದು ಎಂದು ಭಾಷಾತಜ್ಞರು ಹೇಳುತ್ತಾರೆ.

ಇಂಗ್ಲಿಷೇ ಮನೆಮಾತಾದವರಿಗೆ ಈ ತೊಡಕಿಲ್ಲ ಎಂದುಕೊಳ್ಳಬೇಡಿ. 1952ರ ನವೆಂಬರಿನಲ್ಲಿ ಲಂಡನ್ ಹತ್ತಿರದ ಕ್ರಾಯ್ಡನ್‌ನಲ್ಲಿ ಇಬ್ಬರು ಹುಡುಗರು ಒಂದು ಗೋದಾಮಿನ ಮಾಳಿಗೆ ಹತ್ತಿದರು. ಹತ್ತೊಂಬತ್ತು ವರ್ಷದ ಡೆರೆಕ್ ಬೆಂಟ್ಲಿ, ಹದಿನಾರು ವರ್ಷದ ಕ್ರಿಸ್ಟೋಫರ್ ಕ್ರೇಗ್. ಕ್ರೇಗ್ ಕೈಯಲ್ಲಿ ರಿವಾಲ್ವರ್. ಪೊಲೀಸರು ಬಂದು ಬೆಂಟ್ಲಿಯನ್ನು ಹಿಡಿದರು. ಆಮೇಲೆ ಕ್ರೇಗ್ ಹಾರಿಸಿದ ಗುಂಡಿಗೆ ಒಬ್ಬ ಪೊಲೀಸ್ ಸತ್ತ. ಬೆಂಟ್ಲಿ ‘ಲೆಟ್ ಹಿಮ್ ಹ್ಯಾವ್ ಇಟ್, ಕ್ರಿಸ್’ ಎಂದು ಕೂಗಿದ ಎಂದು ಪೊಲೀಸರು ನ್ಯಾಯಾಲಯದಲ್ಲಿ ಹೇಳಿದರು. ಅವನಿಗೆ ಅದನ್ನು ಕೊಟ್ಟುಬಿಡು, ಅಂದರೆ ರಿವಾಲ್ವರ್ ಒಪ್ಪಿಸು ಎಂಬುದು ಒಂದು ಅರ್ಥ. ಹೊಡಿ ಅವನನ್ನು ಎಂಬುದು ಇನ್ನೊಂದು. ನಮ್ಮಲ್ಲೂ ಇಲ್ಲವೇ? ‘ಕೊಡು ಅವನಿಗೆ’ ಎಂದರೆ ಪುಸ್ತಕವೂ ಆಗಬಹುದು, ಕಪಾಳಕ್ಕೆ ಎರಡೂ ಆಗಬಹುದು.

ಹಾಗೆ ಕೂಗಲೇ ಇಲ್ಲ ಎಂದು ಹುಡುಗರಿಬ್ಬರೂ ಹೇಳಿದರು. ಕ್ರೇಗ್‌ಗೆ ಹದಿನೆಂಟು ತುಂಬಿರಲಿಲ್ಲವಾಗಿ ಗಲ್ಲು ತಪ್ಪಿತು. ಗುಂಡು ಹಾರಿಸದ ಬೆಂಟ್ಲಿಯನ್ನು 1953ರ ಜನವರಿ 28ರಂದು ನೇಣಿಗೇರಿಸಿದರು. ಮನೆಯವರು ದಶಕಗಳ ಕಾಲ ಹೋರಾಡಿದರು. 1998ರ ಜುಲೈ 30ರಂದು ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು, ಮೂಲ ವಿಚಾರಣೆ ನ್ಯಾಯವಾಗಿ ನಡೆದಿರಲಿಲ್ಲ ಎಂದಿತು. ಬೆಂಟ್ಲಿ ಸತ್ತು ಆಗಲೇ ನಲವತ್ತೈದು ವರ್ಷ.

ಮಸ್ಕಿಯ ಬಂಡೆ

ಇಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ. ಎರಡರ್ಥದ ಮಾತಿಗೆ ಜಗತ್ಪ್ರಸಿದ್ಧ ಸಾಕ್ಷಿ ಈ ಸೀಮೆಯಲ್ಲೇ, ಮಸ್ಕಿಯ ಗುಡ್ಡದಲ್ಲಿದೆ.

ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿ ಮುಗಿಸಿದ. ಓದಿದರೆ ಎಲ್ಲೆಡೆ ಸಿಕ್ಕಿದ್ದು ‘ದೇವಾನಂಪಿಯ ಪಿಯದಸಿ’ ಎಂಬ ಬಿರುದು. ದೇವರಿಗೆ ಪ್ರಿಯನಾದವನು ಎಂದರ್ಥ. ಆದರೆ ಯಾವ ರಾಜ? ಸಿಂಹಳದ ದೊರೆ ತಿಸ್ಸನಿಗೂ ದೇವಾನಂಪಿಯ ಎಂಬ ಬಿರುದಿತ್ತು, ಹೀಗಾಗಿ ಇವನು ಅವನೇ ಇರಬೇಕು ಎಂದು ಮೊದಲು ಭಾವಿಸಿದರು. ಪಿಯದಸಿ ಎಂದರೆ ಅಶೋಕ ಎಂಬುದು ಸಿಂಹಳದ ಪಾಳಿ ಗ್ರಂಥಗಳಿಂದ ಹೊಳೆಯಿತು. ಆದರೂ ಬಂಡೆಯ ಮೇಲೆ ರಾಜನ ಹೆಸರು ಎಲ್ಲೂ ಸಿಕ್ಕಿರಲಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯಲ್ಲಿ ಒಂದು ಶಾಸನ ಕಂಡ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಮಾಲೆಯಲ್ಲಿ ಅದನ್ನು ಎಚ್. ಕೃಷ್ಣಶಾಸ್ತ್ರಿಗಳು ಪ್ರಕಟಿಸಿದರು. ಬಿರುದಿನ ಪಕ್ಕದಲ್ಲೇ ‘ಅಶೋಕ’ ಎಂಬ ಹೆಸರು ಕೆತ್ತಿತ್ತು! ಎಪ್ಪತ್ತೆಂಟು ವರ್ಷಗಳ ಚರ್ಚೆ ಪಕ್ಕದಲ್ಲಿ ಕುಳಿತ ಒಂದು ಪದದಿಂದ ಬಗೆಹರಿಯಿತು.

ಕತೆ ಇಲ್ಲಿಗೇ ನಿಲ್ಲುವುದಿಲ್ಲ. ಈ ದೇವಾನಂಪಿಯ ಸಂಸ್ಕೃತದಲ್ಲಿ ದೇವಾನಾಂಪ್ರಿಯ. ಕಾಲ ಕಳೆದಂತೆ ಆ ಮಾತಿಗೆ ಇನ್ನೊಂದು ಅರ್ಥ ಅಂಟಿತು, ಮೂರ್ಖ ಎಂದು. ಹದಿನೇಳನೆಯ ಶತಮಾನದ ಭಟ್ಟೋಜಿ ದೀಕ್ಷಿತನ ಸಿದ್ಧಾಂತ ಕೌಮುದಿಯ ಹೊತ್ತಿಗೆ ವ್ಯಾಕರಣದಲ್ಲೇ ಅದು ದಾಖಲಾಗಿತ್ತು. ಸಾಮ್ರಾಟನ ಬಿರುದೇ ಪಂಡಿತರ ಬಾಯಲ್ಲಿ ಬೈಗುಳವಾಯಿತು. ಮಸ್ಕಿಯ ಬಂಡೆಯ ಮೇಲಿನದನ್ನು ಆ ಪಂಡಿತರ ಅರ್ಥದಲ್ಲಿ ಓದಿದರೆ ಏನಾಗುತ್ತದೆ ನೋಡಿ. ಬಳಗಾನೂರಿನ ಹುಡುಗ ಅಕೌಂಟ್ ಫಾರ್ ಓದಿದ್ದು ಇಂಥದ್ದೇ ರೀತಿಯಲ್ಲಿ.

ನಮ್ಮ ಬಾಯಲ್ಲೂ ಇದೆ

ಕನ್ನಡ ವ್ಯಾಕರಣದ ಪುಸ್ತಕದಲ್ಲಿ ನಾನಾರ್ಥ, ನುಡಿಗಟ್ಟು ಎಂದು ಮಕ್ಕಳು ಓದುತ್ತಾರೆ, ಅಂಕವನ್ನೂ ತೆಗೆಯುತ್ತಾರೆ. ಪಕ್ಕದ ಅವಧಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಬಂದ ಕೂಡಲೇ ಅದನ್ನೆಲ್ಲ ಚೀಲಕ್ಕೆ ಹಾಕಿಬಿಡುತ್ತಾರೆ. ಎರಡೂ ಒಂದೇ ವಿದ್ಯೆ ಎಂದು ಯಾರೂ ಹೇಳುವುದಿಲ್ಲ.

ನಮ್ಮ ‘ಹೊಡಿ’ ಎಂಬ ಪದವನ್ನೇ ನೋಡಿ. ಮಗ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಶಾಲೆಯಲ್ಲಿ ಗಂಟೆ ಹೊಡೆಯುತ್ತದೆ. ಗೋಡೆಗೆ ಬಣ್ಣ ಹೊಡೆಯುತ್ತಾರೆ. ಮಧ್ಯಾಹ್ನ ನಿದ್ದೆ ಹೊಡೆಯುತ್ತಾರೆ. ಕಾಲುವೆಯಲ್ಲಿ ಈಜು ಹೊಡೆಯುತ್ತಾರೆ. ಒಂದರಲ್ಲೂ ಪೆಟ್ಟು ಇಲ್ಲ. ‘ಎಣ್ಣೆ ಹೊಡೆಯೋದು’ ಎಂದರೆ ಈ ಕಡೆ ಬೆಳೆಗೆ ಕೀಟನಾಶಕ ಸಿಂಪಡಿಸುವುದು. ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗ ಅಲ್ಲಿಯ ಗೆಳೆಯರ ಮುಂದೆ ‘ನಮ್ಮಪ್ಪ ಬೆಳಿಗ್ಗೆ ಐದಕ್ಕ ಎದ್ದು ಎಣ್ಣಿ ಹೊಡೀತಾರ’ ಎಂದರೆ ಅವರು ನಗುವುದು ಖಂಡಿತ, ಅಲ್ಲಿ ಅದು ಹೆಂಡ ಕುಡಿಯುವ ಮಾತು. ನಾಲೆಗೆ ನೀರು ಬಿಟ್ಟರೆ ಹಬ್ಬ. ಆಸೆಗೆ ಎಳ್ಳುನೀರು ಬಿಟ್ಟರೆ ಮುಗಿಯಿತು. ಮನೆಯಿಂದ ಹೊರಡುವವರು ‘ಬರ್ತೀನಿ’ ಎನ್ನುತ್ತಾರೆ. ಕನ್ನಡ ಕಲಿಯುತ್ತಿರುವ ಪರದೇಶಿಯೊಬ್ಬ ಅದನ್ನು ಕೇಳಿ ಬಾಗಿಲಲ್ಲೇ ಕಾಯುತ್ತ ನಿಂತರೆ ತಪ್ಪು ಯಾರದು?

ಇದೇ ಮಾತು ದೇಶ ಬದಲಾದಾಗಲೂ ಅನ್ವಯಿಸುತ್ತದೆ. ‘ಪಾಸ್ಡ್ ಔಟ್’ ಎಂದರೆ ನಮ್ಮಲ್ಲಿ ಓದು ಮುಗಿಸಿ ಕಾಲೇಜಿನಿಂದ ಹೊರಬಂದ ಎಂದು. ಸೈನ್ಯದ ತರಬೇತಿ ಮುಗಿಸಿದವರಿಗೆ ಬ್ರಿಟನ್ನಿನಲ್ಲೂ ಹಾಗೆ ಹೇಳುತ್ತಾರೆ. ಆದರೆ ಅಮೆರಿಕದಲ್ಲಿ ಕುಳಿತು ಸಂದರ್ಶನ ಮಾಡುವವರ ಕಿವಿಗೆ ಅದು ‘ಪ್ರಜ್ಞೆ ತಪ್ಪಿ ಬಿದ್ದೆ’ ಎಂದು ಕೇಳಿಸುತ್ತದೆ. ಫೋನಿನಲ್ಲೇ ಸಂದರ್ಶನ ನಡೆಯುವ ಈ ಕಾಲದಲ್ಲಿ ‘ಗ್ರಾಜುಯೇಟೆಡ್’ ಎಂದುಬಿಡುವುದು ಕ್ಷೇಮ. ಬ್ಯಾಂಕಿನಲ್ಲಿ ಸಾಲ ಸ್ಯಾಂಕ್ಷನ್ ಆದರೆ ಮಂಜೂರಾತಿ, ದೇಶದ ಮೇಲೆ ಸ್ಯಾಂಕ್ಷನ್ ಹೇರಿದರೆ ದಿಗ್ಬಂಧನ. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟಿಷರಿಗೆ ಚರ್ಚೆಗೆ ಮಂಡಿಸುವುದು, ಅಮೆರಿಕನ್ನರಿಗೆ ಬದಿಗಿಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಅಧಿಕಾರಿಗಳು ಈ ಒಂದು ಪದದ ಮೇಲೆ ಬಹಳ ಹೊತ್ತು ಜಗಳಾಡಿದರಂತೆ. ಇಬ್ಬರಿಗೂ ಬೇಕಾಗಿದ್ದು ಒಂದೇ ಎಂದು ಆಮೇಲೆ ತಿಳಿಯಿತು ಎಂದು ಚರ್ಚಿಲ್ ಅವರೇ ಬರೆದಿದ್ದಾರೆ.

ಪಾಲಕರು ಕೇಳುವ ಪ್ರಶ್ನೆ ಒಂದೇ, ಹಾಗಾದರೆ ಏನು ಮಾಡೋಣ? ಮೊದಲೇ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದರೆ ಈ ಕಷ್ಟ ಬರುತ್ತಿರಲಿಲ್ಲ ಎನ್ನುವುದು ಹಲವರ ಕೊರಗು. ನನಗೆ ಹಾಗೆನ್ನಿಸುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಹತ್ತು ವರ್ಷ ಓದಿ ಅಲಾರಾಂ ನಿಂತಿತು ಎಂದು ಬರೆದ ಮಕ್ಕಳನ್ನು ನಾನು ಕಂಡಿದ್ದೇನೆ. ದೋಷ ಹೆಚ್ಚಾಗಿ ಇರುವುದು ಒಂದು ಇಂಗ್ಲಿಷ್ ಮಾತಿಗೆ ಒಂದೇ ಕನ್ನಡ ಅರ್ಥ ಕೊಟ್ಟು ಉರು ಹೊಡೆಸುವ ಗೈಡುಗಳಲ್ಲಿ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ, ನಡುವೆ ಒಂದು ಗೆರೆ. ಆ ಗೆರೆಯೇ ಮಕ್ಕಳಿಗೆ ಮೋಸ ಮಾಡುತ್ತದೆ. ಅಂಥ ಪಟ್ಟಿ ಮನೆಯಲ್ಲಿದ್ದರೆ ರದ್ದಿಗೆ ಹಾಕಿ ಎಂದೇ ಹೇಳುತ್ತೇನೆ.

ಬದಲಿಗೆ ಕಲಿಯುವವರಿಗಾಗಿಯೇ ಮಾಡಿದ ನಿಘಂಟು ಒಂದಿರಲಿ. ಎ.ಎಸ್. ಹಾರ್ನ್‌ಬಿ ಎಂಬ ಮೇಷ್ಟ್ರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಅಲ್ಲಿಯ ಮಕ್ಕಳ ಪೇಚಾಟ ನೋಡಿ, ಸಂಗಡಿಗರ ಜೊತೆ ಸೇರಿ ಅಂಥದೊಂದನ್ನು ಸಿದ್ಧಪಡಿಸಿದ. 1942ರಲ್ಲಿ ಜಪಾನಿನಲ್ಲೇ ಅಚ್ಚಾದ ಅದು ಮುಂದೆ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಎಂದು ಹೆಸರಾಯಿತು. ಅದರಲ್ಲಿ ಟೇಕ್ ಎಂಬ ಪದ ಮುಗಿಯುವ ಕಡೆ ಟೇಕ್ ಆಫ್, ಟೇಕ್ ಇನ್, ಟೇಕ್ ಓವರ್‌ಗಳು ಬೇರೆ ಬೇರೆಯಾಗಿ, ಪ್ರತಿ ಅರ್ಥಕ್ಕೂ ಒಂದೊಂದು ವಾಕ್ಯದ ಜೊತೆ ಇರುತ್ತವೆ. ಮೊದಲ ಅರ್ಥ ಓದಿ ಮುಚ್ಚುವುದು ನಮ್ಮ ಮಕ್ಕಳ ಚಾಳಿ. ಬೇಕಾದದ್ದು ಬಹಳ ಸಲ ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಇರುತ್ತದೆ. ಫೋನಿನಲ್ಲಿ ಅನುವಾದ ನೋಡುವವರು ಎರಡು ಪದ ಹಾಕದೆ ಇಡೀ ವಾಕ್ಯ ಹಾಕಿ ನೋಡಲಿ, ಉತ್ತರ ಬದಲಾಗುವುದು ಕಣ್ಣಿಗೇ ಕಾಣುತ್ತದೆ.

ಪರೀಕ್ಷೆಯ ಮಾತುಗಳಂತೂ ಎಣಿಸಿದರೆ ಮೂವತ್ತು ನಲವತ್ತು ಇರಬಹುದು, ಅಷ್ಟೆ. ‘ಅಕೌಂಟ್ ಫಾರ್’ ಎಂದರೆ ಕಾರಣ, ‘ಗಿವ್ ಆ್ಯನ್ ಅಕ್ಕೌಂಟ್ ಆಫ್’ ಎಂದರೆ ವಿವರಣೆ. ‘ಆಡ್ ಒನ್ ಔಟ್’ನಲ್ಲಿ ಆಡ್ ಎಂದರೆ ಬೆಸ ಸಂಖ್ಯೆಯಲ್ಲ, ಗುಂಪಿಗೆ ಸೇರದ್ದು. ‘ಅಟೆಂಪ್ಟ್ ಎನಿ ಫೋರ್’ ಎಂದರೆ ಪ್ರಯತ್ನ ಮಾಡಿ ನೋಡಿ ಎಂದಲ್ಲ, ಯಾವುದಾದರೂ ನಾಲ್ಕಕ್ಕೆ ಉತ್ತರ ಬರೆಯಿರಿ ಎಂದು. ಕಾಲೇಜಿನ ಉಪನ್ಯಾಸಕರು ವರ್ಷದ ಮೊದಲ ವಾರ ಒಂದು ತಾಸು ಇದಕ್ಕೆ ಮೀಸಲಿಟ್ಟರೆ ಕನ್ನಡ ಮಾಧ್ಯಮದ ಮಕ್ಕಳು ಎಷ್ಟೋ ಜನ ಉಳಿದುಕೊಳ್ಳುತ್ತಾರೆ.

ಇಷ್ಟೆಲ್ಲ ನಾನು ಹೇಳುವಾಗ ಯಜಮಾನರು ಸುಮ್ಮನೆ ಕೇಳುತ್ತ ಕುಳಿತಿದ್ದರು. ಓದಿದ್ದು ನಾಲ್ಕನೆಯ ತರಗತಿ. ಅವರ ತಂದೆ ನಿಜಾಮರ ಕಾಲದಲ್ಲಿ ಉರ್ದು ಓದಿದವರಂತೆ. ಚಹಾದ ಬಸಿ ಕೆಳಗಿಟ್ಟು ಅವರು ಮಗನ ಕಡೆ ತಿರುಗಿದರು.

‘ಅಲ್ಲೋ, ಅಕೌಂಟ್ ಅಂದ್ರ ಲೆಕ್ಕ ಹೌದಲ್ಲ?’

‘ಹೌದಪ್ಪ.’

‘ಮೊನ್ನಿ ರಾತ್ರಿ ಹತ್ತು ಹೊಡದ ಮ್ಯಾಲ ಮನಿಗೆ ಬಂದಿ. ಎಲ್ಲಿ ಹೋಗಿದ್ದಿ, ಲೆಕ್ಕ ಕೊಡು ಅಂದೆ. ರೊಕ್ಕ ಕೇಳಿದ್ನೇನು ನಿನಗ? ಯಾಕ ತಡ ಆತು ಅಂತ ಕೇಳಿದೆ. ಹಂಗ ಮಂಜುಗಡ್ಡಿ ಯಾಕ ತೇಲ್ತದ, ಅದರ ಲೆಕ್ಕ ಕೊಡು ಅಂತ ಅವರು ಕೇಳ್ಯಾರ. ಇಷ್ಟ ಹೌದಲ್ರಿ ಸರ?’

ಇಷ್ಟೇ ಹೌದು. ಲ್ಯಾಟಿನ್ನಿನ ‘ಎಣಿಸು’ ಎಂಬ ಮೂಲದಿಂದ ಹುಟ್ಟಿ, ಹಣದ ಲೆಕ್ಕವಾಗಿ, ಆಮೇಲೆ ನಡೆದದ್ದಕ್ಕೆ ಸಮಜಾಯಿಷಿಯಾಗಿ ಬೆಳೆದ ಪದ ಅದು. ನಿಘಂಟಿನವರು ಎರಡು ಅಂಕಣದಲ್ಲಿ ಹೇಳುವುದನ್ನು ಅವರು ಮಗನ ತಡರಾತ್ರಿಯಿಂದ ತೆಗೆದು ತೋರಿಸಿದರು. ಒಳಗಿನಿಂದ ಹುಡುಗನ ತಾಯಿ, ‘ಆ ಲೆಕ್ಕ ಇನ್ನಾ ಕೊಟ್ಟಿಲ್ಲ ಅವ’ ಎಂದರು. ಹುಡುಗ ಮೊದಲ ಸಲ ನಕ್ಕ.

ಆಮೇಲೆ ಅರ್ಧ ತಾಸು ಅಪ್ಪನಿಗೆ ಮಂಜುಗಡ್ಡೆಯ ಲೆಕ್ಕ ಕೊಟ್ಟ. ಕೈಬೆರಳುಗಳನ್ನು ಅಗಲಿಸಿ ಅಣುಗಳು ಹೇಗೆ ದೂರ ನಿಲ್ಲುತ್ತವೆ ಎಂದು ತೋರಿಸಿದ. ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅಕೌಂಟ್ ಫಾರ್ ಎಂದು ಬರೆದು ಮುಂದೆ ಅರ್ಥ ಬರೆಯದೆ, ‘ರಾತ್ರಿ ಹತ್ತು ಗಂಟೆ’ ಎಂದು ಬರೆದುಕೊಂಡ. ಕೆಳಗೆ ಕಟ್ ಆಫ್, ಅದರ ಮುಂದೆ ‘ಹಳ್ಳ’ ಎಂದು.

ಸಿಂಧನೂರಿನ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಚೀಲ ಹೆಗಲಿಗೇರಿಸಿ ‘ಬರ್ತೀನಿ’ ಎಂದೆ.

‘ಸರ, ಇದನ್ನೂ ಬರಕೊಳ್ಳಲೇನು?’ ಎಂದ ಹುಡುಗ.